ಬ್ರೇಕಿನ ಗಾಳಿ

ಪುಣೆಯ ಕೋಥರೂಡಿನ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ನನ್ನ ಕಾರಿನ ಜಾಗ ಖಾಲಿ ಬಿದ್ದಿದೆ. ಅಲ್ಲೀಗ ಇರುವುದು ಬ್ರೇಕ್ ಆಯಿಲ್ ಚೆಲ್ಲಿದ ಒಂದು ಕಲೆ. ಆ ಎಣ್ಣೆಯ ಗುಣವೇ ಹಾಗೆ, ಬಿದ್ದಲ್ಲಿ ಬಣ್ಣ ಏಳಿಸುತ್ತದೆ. ನೆಲದ ಹಳದಿ ಪಟ್ಟೆಯನ್ನು ಅಂಗೈ ಅಗಲ ತಿಂದುಹಾಕಿದೆ. ಲಿಫ್ಟಿನಲ್ಲಿ ಸಿಕ್ಕವರು "ಕಾಕಾ, ಗಾಡೀ ಕುಠೇ?" ಎಂದು ಕೇಳುತ್ತಾರೆ, ಗಾಡಿ ಎಲ್ಲಿ ಎಂದು. ಗಾಡಿ ಸಾಸವಡದಲ್ಲಿದೆ, ಬೀಗರಿಗೆ ಬೇಕಾಗಿತ್ತು, ಎಂದು ಅವರದೇ ಮರಾಠಿಯಲ್ಲಿ ಉತ್ತರ ಕೊಡುತ್ತೇನೆ. ಸಾಸವಡದಲ್ಲಿರುವುದು ನಿಜ. ಬೀಗರಿಗೆ ಬೇಕಾಗಿತ್ತೆಂಬುದು ಸುಳ್ಳು. ಜೊತೆಗೆ ಹೆಂಡತಿ ಇದ್ದರೆ ಅವಳು ಕೈಚೀಲದೊಳಗೆ ಬೀಗದ ಕೈ ಹುಡುಕತೊಡಗುತ್ತಾಳೆ.

ನಾನು ಮೆಕ್ಯಾನಿಕ್ ಅಲ್ಲ. ಅಪ್ಪ ವಿಜಯಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನೂ ಅದೇ ಓಣಿಯ ಇನ್ನೊಂದು ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅದೇ ಕೆಲಸ ಮಾಡುತ್ತೇನೆ. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಾರಿನ ಕೆಲಸ ಒಂದೊಂದೇ ಕಲಿತುಕೊಂಡೆ. ಮೊದಲು ವೈಪರ್, ಆಮೇಲೆ ಬ್ಯಾಟರಿ, ಆಮೇಲೆ ಇಂಜಿನ್ ಆಯಿಲ್. ನೆರೆಹೊರೆಯವರು ನಿಂತು ನೋಡಿ ಶಹಬ್ಬಾಸ್ ಎಂದರು. ಅದೇ ತಪ್ಪಾಯಿತು. ಹೊಗಳಿಕೆ ತಲೆಗೇರಿತೆಂದರೆ ನಾನು ಯಾರ ಮಾತೂ ಕೇಳುವ ಮನುಷ್ಯನಲ್ಲ. ಗ್ಯಾರೇಜಿನವರೆಲ್ಲ ಕಳ್ಳರು, ನನ್ನ ಗಾಡಿಗೆ ಇನ್ನೊಬ್ಬರ ಕೈ ಹತ್ತಗೊಡುವುದಿಲ್ಲ ಎಂದು ಕಂಡವರಿಗೆಲ್ಲ ಸಾರಿಕೊಂಡು ತಿರುಗಿದೆ. ಸಾಸವಡದ ಬೀಗರಿಗೆ ಅಂತೂ ಫೋನು ಮಾಡಿದಾಗಲೆಲ್ಲ ಇದೇ ಪುರಾಣ.

ಮಗಳನ್ನು ಕೊಟ್ಟದ್ದು ಅಲ್ಲಿಗೆ. ಬೀಗರು ಕಾಳಿನ ವ್ಯಾಪಾರಿಗಳು, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಮಗಳಿಗೆ ಏಳು ತಿಂಗಳು ತುಂಬಿ ಕುಬಸ ಗೊತ್ತಾಯಿತು. ನಮ್ಮ ಕಡೆ ಪದ್ಧತಿಯೆಂದರೆ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಸುರಿಯನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರುವುದು. ನನ್ನ ಮಗಳು ನನ್ನ ಕಾರಿನಲ್ಲೇ ಬರಬೇಕು, ನಾನೇ ನಡೆಸಬೇಕು ಎಂದು ನನಗೆ ಹಟ. ಸಾಸವಡದಿಂದ ಪುಣೆಗೆ ಬರುವುದೆಂದರೆ ದಿವೆ ಘಾಟ್ ಇಳಿಯಬೇಕು. ಹಾಗಾಗಿ ಬ್ರೇಕ್ ಹೊಸದರಂತೆ ಮಾಡಿಬಿಡೋಣ ಎಂದು ಹಿಂದಿನ ಭಾನುವಾರ ಮುಂದಿನ ಎರಡೂ ಗಾಲಿ ಬಿಚ್ಚಿದೆ.

ಪ್ಯಾಡ್ ಬದಲಿಸಿದೆ, ರಬ್ಬರ್ ಸೀಲ್ ಬದಲಿಸಿದೆ. ಅದಕ್ಕಾಗಿ ಗಾಲಿಯನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಎಂಬ ಕಬ್ಬಿಣದ ಮುಷ್ಟಿಗಳನ್ನು ಎರಡೂ ಕಡೆಯಿಂದ ಕಳಚಿ, ಪೆಟ್ರೋಲಿನಲ್ಲಿ ತೊಳೆದು, ಒಂದೇ ಪೇಪರಿನ ಮೇಲೆ ಅಕ್ಕಪಕ್ಕ ಇಟ್ಟೆ. ಚಹಾ ಕುಡಿದೆ. ತಿರುಗಿ ಜೋಡಿಸಿದೆ. ಇನ್ನು ಉಳಿದದ್ದು ಗಾಳಿ ತೆಗೆಯುವ ಕೆಲಸ.

ಬ್ರೇಕಿನ ಕೊಳವೆಯಲ್ಲಿ ಎಣ್ಣೆ ಮಾತ್ರ ಇರಬೇಕು. ಬಿಚ್ಚಿದಾಗ ಗಾಳಿ ಹೊಕ್ಕಿರುತ್ತದೆ. ಗಾಳಿ ಉಳಿದರೆ ಪೆಡಲ್ ಒತ್ತಿದಾಗ ಕಾಲು ಹಾಸಿಗೆಯ ಮೇಲೆ ಇಟ್ಟಂತೆ ಮೆತ್ತಗೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಇದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲನ್ನು ನಾಲ್ಕಾರು ಸಲ ಒತ್ತಿ ಒತ್ತಿ ಕೊನೆಗೆ ಒತ್ತಿ ಹಿಡಿಯಬೇಕು. ಹಿಡಿದಾಗ ಕೆಳಗೆ ಗಾಲಿಯ ಬಳಿ ಕೂತವನು ಕ್ಯಾಲಿಪರಿನಲ್ಲಿರುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆ ಹೊರಬರುತ್ತವೆ. ಅವನು ನಿಪ್ಪಲ್ ಬಿಗಿಮಾಡಿ "ಬಿಡು" ಎನ್ನುವವರೆಗೆ ಮೇಲಿನವರು ಕಾಲು ಎತ್ತಕೂಡದು. ಎತ್ತಿದರೆ ಹೋದ ಗಾಳಿ ಮರಳಿ ಒಳಗೆ ಬರುತ್ತದೆ.

ಹೆಂಡತಿಯನ್ನು ಕರೆದೆ. ಅವಳು ಹಿಟ್ಟಿನ ಕೈ ತೊಳೆದು ಬಂದು, ಸೀರೆ ಸಿಕ್ಕಿಸಿ, ಚಪ್ಪಲಿ ಹೊರಗೆ ಬಿಟ್ಟು ದೇವರ ಕೋಣೆಗೆ ಹೋಗುವಂತೆ ಬರಿಗಾಲಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತಳು. ಕಾರು ನಡೆಸಿದವಳಲ್ಲ, ಪೆಡಲ್ ಯಾವುದೆಂದು ಕೈಯಿಂದ ಮುಟ್ಟಿ ತೋರಿಸಬೇಕಾಯಿತು. ನನ್ನ ತಾಯಿ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಕಂಬದ ಬಳಿ ಮೆಂತ್ಯಸೊಪ್ಪು ಬಿಡಿಸುತ್ತಾ ಕೂತಳು.

"ಒತ್ತು."

"ಹಿಡದೀನ್ರಿ."

"ಬಿಡು."

ಮೊದಮೊದಲು ಚೆನ್ನಾಗಿಯೇ ನಡೆಯಿತು. ಬಾಟಲಿಗೆ ಹಾಕಿದ ನಳಿಗೆಯಲ್ಲಿ ಗುಳ್ಳೆಗಳು ಬಂದವು, ಆಮೇಲೆ ನಿಂತವು. ಎಣ್ಣೆ ಶುದ್ಧವಾಗಿ ಹರಿಯತೊಡಗಿತು. ಮುಗಿಯಿತು ಎಂದು ನಾನು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಅವಳು ಹೇಳಿದಳು, "ರೀ, ಇನ್ನೂ ಮೆತ್ತಗ ಅದರಿ. ಕಾಲಿಗೆ ಗೊತ್ತಾಗ್ತದ."

ಮತ್ತೆ ಮಾಡಿದೆವು. ಮತ್ತೆ ಮೆತ್ತಗೆ. ಇನ್ನೊಂದು ಕಡೆಯದು ಮಾಡಿದೆವು. ಅದೂ ಅಷ್ಟೇ. ಬಿಸಿಲು ಪಾರ್ಕಿಂಗಿನೊಳಗೆ ಬಂತು, ನನ್ನ ಮೊಣಕಾಲು ಹಿಡಿದುಕೊಂಡಿತು, ಎಣ್ಣೆಯ ಡಬ್ಬಿ ಉರುಳಿ ಚೆಲ್ಲಿತು. ನನ್ನ ಸಿಟ್ಟು ನೆತ್ತಿಗೇರಿತು.

"ನಾ ಬಿಡು ಅನ್ನೂದ್ರಾಗ ನೀ ಕಾಲ ಎತ್ತತಿ!"

"ಇಲ್ರಿ, ನಾ ಎತ್ತಿಲ್ಲ."

"ಎತ್ತದಿದ್ರ ಗಾಳಿ ಎಲ್ಲಿಂದ ಬರತದ? ಒಂದ ಪೆಡಲ್ ಒತ್ತಿ ಹಿಡಿಯಾಕ ಬರೂದಿಲ್ಲಂದ್ರ ಏನ ಹೆಂಗಸ ನೀ!"

ಕೂಗಿದ್ದು ಕನ್ನಡದಲ್ಲಿ. ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. ಆದರೆ ಗಂಡ ಹೆಂಡತಿಯನ್ನು ಬೈಯುತ್ತಿದ್ದಾನೆ ಎಂಬುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಒಂದೊಂದೇ ಕ್ಲಿಪ್ಪನ್ನು ನಿಧಾನವಾಗಿ ಹಾಕತೊಡಗಿದರು. ಸ್ಕೂಟರ್ ತೆಗೆಯಲು ಬಂದ ಪಕ್ಕದ ಮನೆಯವರು ವಾತಾವರಣ ತಿಳಿಮಾಡಲೆಂದು "ಕಾಯ್ ಕಾಕಾ, ಕಾಕೂಂನಾ ಗಾಡೀ ಶಿಕವತಾಯ್ ಕಾ?" ಎಂದರು, ಹೆಂಡತಿಗೆ ಕಾರು ಕಲಿಸುತ್ತಿದ್ದೀರಾ ಎಂದು. ನಾನು ನಕ್ಕು, "ಇಕೀಗೆ ಕಲಿಸೋದು ಈ ಜನ್ಮದಲ್ಲಿ ಆಗೋದಲ್ಲ" ಎಂಬರ್ಥದ ಮರಾಠಿ ಮಾತು ಆಡಿದೆ. ಅದು ಅವಳಿಗೂ ತಿಳಿಯುವ ಭಾಷೆ. ಗಾಜಿನಾಚೆ ಅವಳ ಕಿವಿ ಕೆಂಪಗಾದದ್ದನ್ನು ನೋಡಿದೆ. ನೋಡಿಯೂ ನಿಪ್ಪಲ್ ತಿರುಗಿಸುವ ಪಾನಾ ಕೈಗೆತ್ತಿಕೊಂಡೆ.

ಅವಳು ಇನ್ನೊಂದೇ ಸಲ ಬಾಯಿ ತೆರೆದಳು. "ನನ್ನ ಕಾಲಿಂದಲ್ರಿ ಅದು. ಬ್ಯಾರೆ ಏನರೆ ಇರಬೇಕು."

ಆಗ ನನ್ನ ತಾಯಿ ಸೊಪ್ಪಿನಿಂದ ತಲೆ ಎತ್ತದೆ, "ಗಂಡಸರ ಕೆಲಸದಾಗ ಬಾಯಿ ಹಾಕಬಾರದವಾ" ಎಂದಳು.

ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಅತ್ತೆಯ ಎದುರು ಗಂಡನ ಮಾತಿಗೆ ಎದುರಾಡುವ ಪದ್ಧತಿಯಿಲ್ಲ. ಆಮೇಲೆ ಪ್ರತಿ ಸಲ "ಈಗ ಗಟ್ಟಿ ಆತಿಲ್ಲೋ?" ಎಂದು ಕೇಳಿದಾಗಲೂ ಅವಳು "ಹೂಂ" ಎಂದಳು. ನನಗೆ ಬೇಕಾದದ್ದು ಅದೇ. ಆ ಕೆಲಸದಲ್ಲಿ ಕೆಳಗೆ ಕೂತವನಿಗೆ ಮೇಲಿನ ಕಾಲೇ ಕಣ್ಣು. ಆ ಕಣ್ಣನ್ನು ನಾನೇ ಗದರಿಸಿ ಮುಚ್ಚಿಸಿದೆ.

ಕಾರನ್ನು ಸೊಸೈಟಿಯ ಸುತ್ತ ಒಂದು ಸುತ್ತು ತಿರುಗಿಸಿದೆ. ಒಂದು ಸಲ ಒತ್ತಿದರೆ ಪೆಡಲ್ ಇಳಿದೇ ಹೋಗುತ್ತಿತ್ತು. ತಟ್ಟನೆ ಎರಡನೇ ಸಲ ಒತ್ತಿದರೆ ಹಿಡಿಯುತ್ತಿತ್ತು. ಹೊಸ ಪ್ಯಾಡ್ ಅಲ್ಲವೇ, ಓಡಿದ ಹಾಗೆ ಕೂತುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಳಿದು, "ಏಕದಮ್ ಫಸ್ಟಕ್ಲಾಸ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಕುಬಸದ ದಿನ ಬೆಳಿಗ್ಗೆ ಬುತ್ತಿಯ ಬುಟ್ಟಿ ಕೆಳಗೆ ಬಂತು. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗುರೆಳ್ಳು ಚಟ್ನಿ, ಮೊಸರನ್ನದ ಡಬ್ಬಿ. ಹೆಂಡತಿ ಅದನ್ನು ಹಿಂದಿನ ಸೀಟಿನ ಮೇಲೆ ಇಟ್ಟು, ಅಲುಗಾಡದಂತೆ ಪಕ್ಕದಲ್ಲಿ ದಿಂಬು ಕೊಟ್ಟಳು. ಬಾಗಿಲು ಹಾಕಿದಳು. ನಾನು ಮುಂದಿನ ಬಾಗಿಲು ತೆರೆದೆ. ಅವಳು ಕೂರಲಿಲ್ಲ.

"ಅತ್ತೀಗೆ ಕಾರಿನ್ಯಾಗ ಹೊಟ್ಟಿ ತೊಳಸ್ತದಂತ್ರಿ. ನಾವಿಬ್ರೂ ಬಸ್ಸಿಗೆ ಬರ್ತೀವಿ. ನೀವು ಬುತ್ತಿ ತಗೊಂಡ ಬರ್ರಿ."

ನನ್ನ ತಾಯಿ ಇದೇ ಕಾರಿನಲ್ಲಿ ತುಳಜಾಪುರಕ್ಕೆ ಹೋಗಿ ಬಂದವಳು, ದಾರಿಯುದ್ದಕ್ಕೂ ಚುರುಮುರಿ ತಿನ್ನುತ್ತಾ. ಅವಳ ಮುಖ ನೋಡಿದೆ. ಅವಳು ಕುಂಡದಲ್ಲಿದ್ದ ತುಳಸಿಯನ್ನು ನೋಡುತ್ತಾ, "ಹೌದಪಾ, ತೊಳಸ್ತದ" ಎಂದಳು. ಇಬ್ಬರೂ ಗೇಟಿನ ಕಡೆ ನಡೆದೇಬಿಟ್ಟರು.

ನನಗೆ ತಿಳಿಯಲಿಲ್ಲವೇ? ತಿಳಿಯಿತು. ಹೆಂಡತಿ ಎಲ್ಲರೆದುರು ನನ್ನ ಮಾನ ಕಾಯ್ದು ತಮ್ಮ ಜೀವ ಕಾಯ್ದುಕೊಳ್ಳುವ ಹಾದಿ ಹುಡುಕಿದ್ದಳು. ರೊಟ್ಟಿಗೆ ಜೀವಭಯವಿಲ್ಲ, ಅದು ನನ್ನ ಜೊತೆ ಬರಬಹುದು. ಆ ಕ್ಷಣದಲ್ಲಾದರೂ ನಾನು ಹಿಂದೆ ಓಡಿ ಹೋಗಿ, "ನೀ ಹೇಳಿದ್ದ ಖರೆ ಐತಿ, ಈ ಗಾಡಿ ಬ್ಯಾಡ" ಎನ್ನಬೇಕಿತ್ತು. ಹೋಗಲಿಲ್ಲ. ಸಿಟ್ಟಿನಿಂದ ಕಾರು ಚಾಲೂ ಮಾಡಿದೆ.

ಹಡಪಸರ ದಾಟಿದ ಮೇಲೆ ಅವರ ಬಸ್ಸು ಸಿಕ್ಕಿತು. ಹಿಂದಿನ ಗಾಜಿನಲ್ಲಿ ತಾಯಿಯ ಬಿಳಿ ತಲೆ, ಅದರ ಪಕ್ಕ ಹೆಂಡತಿಯ ಮಲ್ಲಿಗೆ ದಂಡೆ. ಓವರ್‌ಟೇಕ್ ಮಾಡಬಹುದಿತ್ತು. ಮಾಡಿದರೆ ಮುಂದೆ ಎಲ್ಲಾದರೂ ಬ್ರೇಕ್ ಹಾಕಬೇಕಾದೀತೆಂದು ಹೆದರಿಕೆ. ಹಾಗಾಗಿ ದೂರ ಕಾಯ್ದುಕೊಂಡು ಬಸ್ಸಿನ ಹೊಗೆ ಕುಡಿಯುತ್ತಾ ಘಾಟಿನ ಪ್ರತಿ ತಿರುವಿನಲ್ಲೂ ಅದರ ಬಾಲ ಹಿಡಿದು ಹತ್ತಿದೆ. ಐದು ಜನ ಕೂರುವ ಕಾರಿನಲ್ಲಿ ನಾನು ಮತ್ತು ರೊಟ್ಟಿ. ಒಂದು ತಿರುವಿನಲ್ಲಿ ಹೆಂಡತಿ ಹಿಂತಿರುಗಿ ನೋಡಿದಳು. ನಾನು ಕನ್ನಡಿ ಸರಿಮಾಡುವ ನಟನೆ ಮಾಡಿದೆ. ಇಷ್ಟು ವಯಸ್ಸಾಗಿ ಇಂಥ ಮೆರವಣಿಗೆ ನನಗೆ ಬೇಕಿತ್ತೇ ಎನ್ನಿಸಿ ಕಣ್ಣು ತುಂಬಿದವು. ನಾಚಿಕೆಯ ಕಣ್ಣೀರು ಎಂದು ಆಗ ಒಪ್ಪಿಕೊಳ್ಳಲಿಲ್ಲ, ಬಸ್ಸಿನ ಹೊಗೆಯ ಮೇಲೆ ಹಾಕಿದೆ.

ಬೀಗರ ಮನೆಯಲ್ಲಿ ಕುಬಸ ಚೆಂದವಾಗಿಯೇ ಆಯಿತು. ಹಸಿರು ಸೀರೆ, ಹಸಿರು ಬಳೆಗಳಲ್ಲಿ ಮಗಳು ತುಂಬಿಕೊಂಡು ಕೂತಿದ್ದಳು. ಕಾರಿದ್ದೂ ಬಸ್ಸಿಗೆ ಯಾಕೆ ಬಂದಿರಿ ಎಂದು ಬೀಗಿತಿ ಕೇಳಿದರೆ, ನನ್ನ ತಾಯಿ ತನ್ನ ಹೊಟ್ಟೆ ತೊಳಸುವ ಕಥೆಗೆ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದಳು. ಬೀಗಿತಿ ಲಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟರು. ಅವಳು ಅದನ್ನೂ ಮುಖ ಕಿವುಚಿ ಕುಡಿದಳು.

ಊಟವಾದ ಮೇಲೆ ಬೀಗರು ಎಲೆ ಅಡಿಕೆ ಜಗಿಯುತ್ತಾ ಅಂಗಳಕ್ಕೆ ಬಂದರು. "ಬ್ರೇಕ್ ನೀವ ಮಾಡೀರಂತಲ್ರಿ? ಭಾಳ ಶಾಣ್ಯಾ ಮನಷ್ಯಾರ ಬಿಡ್ರಿ ನೀವು. ಏನೇನ ಮಾಡೀರಿ, ನಮಗೂ ಒಂಚೂರ ತೋರಸ್ರಿ."

ಹೊಗಳಿಕೆ ಸಿಕ್ಕಿತಲ್ಲ! ಬೆಳಗಿನ ಅವಮಾನವೆಲ್ಲ ಮರೆತೇಹೋಯಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಗಾಲಿಯನ್ನು ಹೊರಗೆ ಕಾಣುವಂತೆ ಮಾಡಿ, ಕುಕ್ಕುರುಗಾಲಿನಲ್ಲಿ ಕೂತು ಪಾಠ ಶುರುಮಾಡಿದೆ. ಇದು ಡಿಸ್ಕ್, ಇದು ಪ್ಯಾಡ್, ಇದು ಕ್ಯಾಲಿಪರ್. "ಗಾಳಿ ಹಗರ ಇರ್ತದ ನೋಡ್ರಿ, ಯಾವಾಗ್ಲೂ ಮ್ಯಾಲ ಹೋಗಿ ಕುಂಡರ್ತದ. ಅದಕ್ಕ ಅದನ್ನ ತಗಿಯೂ ನಿಪ್ಪಲ್ ಮ್ಯಾಲಿನ ತುದಿಗೆ ಇಟ್ಟಿರ್ತಾರ. ಇಲ್ಲಿ..." ಎಂದು ಬೆರಳು ಮೇಲೆ ಇಟ್ಟೆ.

ಅಲ್ಲಿ ನಿಪ್ಪಲ್ ಇರಲಿಲ್ಲ.

ಬೆರಳು ಜಾರಿಸಿ ಕೆಳಗೆ ತಂದೆ. ಕೆಳಗಿನ ತುದಿಯಲ್ಲಿತ್ತು. ಪೇಪರಿನ ಮೇಲಿಂದ ಎತ್ತುವಾಗ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದ್ದೆ. ಅದಲುಬದಲಾದರೆ ತಲೆ ಕೆಳಗಾಗುತ್ತದೆ. ಕೆಳಗಿನಿಂದ ಎಣ್ಣೆ ಮಾತ್ರ ಹರಿದುಹೋಗಿ, ಗಾಳಿ ಮೇಲೆ ಆರಾಮಾಗಿ ಕೂತಿತ್ತು. ಆ ಭಾನುವಾರ ಹೆಂಡತಿ ಸಂಜೆಯವರೆಗೆ ಒತ್ತಿ ಹಿಡಿದಿದ್ದರೂ ಅದು ಬರುತ್ತಿರಲಿಲ್ಲ. ಅವಳ ಕಾಲು ಒಂದೇ ಒಂದು ಸಲವೂ ತಪ್ಪಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಹೆಂಡತಿಯ ಕಾಲು ಡೊಂಕು ಅಂದಿದ್ದೆ, ಅದೂ ನಾಲ್ಕು ಜನರ ಮುಂದೆ.

"ಛಲೋ ಅದ, ಛಲೋ ಅದ" ಎಂದು ಬೀಗರು ತಲೆಯಾಡಿಸಿದರು. ಅವರಿಗೇನೂ ತಿಳಿದಿರಲಿಲ್ಲ. ನಾನು ಎದ್ದು ಕೈ ಒರೆಸಿಕೊಂಡೆ.

ಆಗಲೂ ಹೇಳಲಿಲ್ಲ. ಇದನ್ನು ಬರೆಯುವಾಗ ಮೈ ಹಿಡಿಯಷ್ಟಾಗುತ್ತದೆ. ಈಗ ಅನುಮಾನವೂ ಉಳಿದಿರಲಿಲ್ಲ, ಖಾತ್ರಿಯಾಗಿ ಗೊತ್ತಿತ್ತು. ಆದರೂ ಮನಸ್ಸು ವಕೀಲನಂತೆ ವಾದ ಹೂಡಿತು. ಮೊದಲ ಗೇರಿನಲ್ಲಿ ಇಳಿಸಿದರಾಯಿತು. ಎರಡೆರಡು ಸಲ ಒತ್ತಿದರಾಯಿತು. ಹ್ಯಾಂಡ್‌ಬ್ರೇಕ್ ಇದೆಯಲ್ಲ. ಮನೆ ಮುಟ್ಟಿದ ಮೇಲೆ ಯಾರಿಗೂ ತಿಳಿಯದಂತೆ ಬದಲಿಸಿದರಾಯಿತು. ಹೊಟ್ಟೆಯಲ್ಲಿ ಕೂಸಿದ್ದ ನನ್ನ ಮಗಳಿಗಿಂತ ಬೀಗರ ಬಾಯಿಂದ ಬಂದ "ಶಾಣ್ಯಾ" ಎಂಬ ಒಂದು ಮಾತು ನನಗೆ ದೊಡ್ಡದಾಗಿತ್ತು.

ಹೊರಡುವ ಹೊತ್ತಾಯಿತು. ಬೀಗರೇ ಮಗಳ ಕೈಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಬೀಗಿತಿ ಮುಂದಿನ ಗಾಲಿಗಳ ಕೆಳಗೆ ಒಂದೊಂದು ಲಿಂಬೆಹಣ್ಣು ಇಟ್ಟರು, ದೃಷ್ಟಿ ಹೋಗಲೆಂದು. ನಾನು ಸ್ಟೇರಿಂಗ್ ಮುಂದೆ ಕೂತೆ. ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಬೀಗರೆದುರು ಅವಳು ಏನೂ ಹೇಳಲಾರಳು ಎಂದು ನನಗೆ ಗೊತ್ತಿತ್ತು. ನಾನೇ ಹೇಳಲಿ ಎಂದು ಕಾಯುತ್ತಿದ್ದಳು. ನಾನು ಕೀಲಿ ತಿರುವಿದೆ.

ಆಗ ಅವಳು ಮೆಟ್ಟಿಲಿಳಿದು ಬಂದು, ಇನ್ನೊಂದು ಬಾಗಿಲು ತೆರೆದು ಮಗಳ ಪಕ್ಕ ಕೂತಳು. ಮಗಳ ಹೊಟ್ಟೆಯ ಮುಂದೆ ತನ್ನ ತೋಳು ಅಡ್ಡ ಇಟ್ಟಳು. ಅವಳ ಹಿಂದೆಯೇ ನನ್ನ ತಾಯಿ ಖಾಲಿ ಬುಟ್ಟಿ ಹಿಡಿದುಕೊಂಡು ಬಂದು ಮುಂದಿನ ಸೀಟು ಹತ್ತತೊಡಗಿದಳು.

"ಅಯ್ಯ, ನಿಮಗ ಕಾರ ಆಗಂಗಿಲ್ಲಂದ್ರಿ?" ಎಂದರು ಬೀಗಿತಿ.

"ಹೊಟ್ಟಿ ತೊಳಸೂದು ನಿಂತದವಾ" ಎಂದು ತಾಯಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ನಾನು ಕನ್ನಡಿಯಲ್ಲಿ ನೋಡಿದೆ. ಬೆಳಿಗ್ಗೆ ಈ ಗಾಡಿ ಬೇಡವೆಂದು ಬಸ್ಸಿಗೆ ಹೋದ ಇಬ್ಬರೂ ಈಗ ಒಳಗಿದ್ದರು. ಮಗಳು ಕೂತಳೆಂದು ತಾವೂ ಕೂತಿದ್ದರು. ಹೆಂಡತಿ ಕನ್ನಡಿಯತ್ತ ನೋಡಲಿಲ್ಲ. ಪೆಡಲ್ ಮೇಲೆ ಕಾಲಿಟ್ಟೆ. ಅದು ಮೆತ್ತಗೆ, ತಡೆಯೇ ಇಲ್ಲದೆ, ಕೆಳಗೆ ಇಳಿದುಹೋಯಿತು. ಅದೇ ಮೆತ್ತಗಿನದನ್ನು ಅವಳ ಬರಿಗಾಲು ಇಡೀ ಭಾನುವಾರ ಹೇಳುತ್ತಿತ್ತು.

ಇಂಜಿನ್ ಆರಿಸಿ ಇಳಿದೆ. "ಬ್ರೇಕ್ ಸರಿ ಇಲ್ರಿ" ಎಂದೆ. ಯಾರಿಗೂ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು. "ನಾ ತಪ್ಪ ಜೋಡಿಸೀನಿ. ಇಕಿ ಅವತ್ತ ಹೇಳಿದ್ಲು. ನಾ ಕೇಳಲಿಲ್ಲ."

ಬೀಗರು ನನ್ನ ಮುಖ ನೋಡಿದರು, ಬೆಳಿಗ್ಗೆ ಬಸ್ಸಿಗೆ ಬಂದ ಇಬ್ಬರನ್ನು ನೋಡಿದರು, ಎಲ್ಲ ಕೂಡಿಸಿ ಅರ್ಥಮಾಡಿಕೊಂಡರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಇರ್ಲಿ ಬಿಡ್ರಿ, ನಮ್ಮ ಗಾಡಿ ಅದ" ಎಂದು ಅಳಿಯನಿಗೆ ಕೀಲಿ ತರಲು ಹೇಳಿದರು. ಮಗಳ ಗಂಟುಮೂಟೆಗಳು ಒಂದು ಕಾರಿನಿಂದ ಇನ್ನೊಂದಕ್ಕೆ ಹೋದವು. ನನ್ನ ಕಾರಿನ ಗಾಲಿಯ ಕೆಳಗೆ ಲಿಂಬೆಹಣ್ಣುಗಳು ಒಡೆಯದೆ ಹಾಗೇ ಉಳಿದವು.

ತಾಯಿಯನ್ನು ಇಳಿಸಿಕೊಳ್ಳುವಾಗ ಮೆಲ್ಲಗೆ ಕೇಳಿದೆ, "ನಿನಗ ಹೆಂಗ ಗೊತ್ತಾತು?"

"ಆಕಿ ಹೂಂ ಅಂದದ್ದು ಕೇಳಿದ್ನಲ್ಲಪಾ" ಎಂದಳು. "ನಿಮ್ಮಪ್ಪಗ ನಾನೂ ಹಂಗ ಅಂತಿದ್ದೆ."

ಅಳಿಯ ಗಾಡಿ ನಡೆಸಿದ. ಮಗಳು ಅವನ ಪಕ್ಕದಲ್ಲಿ. ಹಿಂದೆ ನಾವು ಮೂವರು, ನಡುವೆ ಹೆಂಡತಿ. ಘಾಟ್ ಇಳಿಯತೊಡಗಿತು. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಕೆರೆ, ಮುಂದೆ ಕಬ್ಬಿನ ಟ್ರಕ್ಕು. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ತಾನೇ ತಾನಾಗಿ ಕಾರಿನ ತಳವನ್ನು ಒತ್ತುತ್ತಿತ್ತು. ಈ ಟ್ರಕ್ಕಿನ ಹಿಂದೆ ನಾನು, ಆ ಪೆಡಲ್, ಇವರೆಲ್ಲ ಇದ್ದಿದ್ದರೆ ಎಂದು ಎಣಿಸುತ್ತಿದ್ದೆ.

ಹೆಂಡತಿ ನನ್ನ ಕಾಲನ್ನು ನೋಡಿದಳು. "ನೀವು ಕಾಲ ತಗೀರಿ" ಎಂದಳು, ಮುಂದಿನವರಿಗೆ ಕೇಳದಂತೆ. "ಈ ಗಾಡೀದು ಹಿಡೀತದ."

ತೆಗೆದೆ. ಆಗ ಅವಳ ಕಾಲು ಕಂಡಿತು. ಚಪ್ಪಲಿ ಪಕ್ಕಕ್ಕೆ ಸರಿಸಿ, ಬರಿಗಾಲಿನಿಂದ ತಳವನ್ನು ಒತ್ತಿ ಹಿಡಿದಿದ್ದಳು. ತಿರುವು ಮುಗಿದರೂ ಸಡಿಲಿಸಲಿಲ್ಲ. ಬೆರಳುಗಳು ಬೆಳ್ಳಗಾಗಿದ್ದವು. ಆ ಭಾನುವಾರವೂ ಹೀಗೇ ಹಿಡಿದಿದ್ದಳು, ನಾನು ಹೇಳುವವರೆಗೆ ಎತ್ತದೆ.

ಬಿಡು ಎನ್ನಬೇಕಾದವನು ನಾನು. ಘಾಟ್ ಇಳಿದು ಮುಗಿಯುವವರೆಗೂ ಹೇಳಲು ನನಗೆ ಬಾಯಿ ಬರಲಿಲ್ಲ.